ಅರವತ್ತು ಪೌಂಡಿನ ಬಿಲ್ಲು

ಅಜ್ಜಂಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಪಂಪು, ಪೈಪು, ಸ್ಟಾರ್ಟರ್ ಬಾಕ್ಸು ಮಾರುವ ರುದ್ರಮೂರ್ತಿಯನ್ನು ಕೆಟ್ಟವನು ಅಂತ ಯಾರೂ ಹೇಳುವುದಿಲ್ಲ. ವ್ಯಾಪಾರದಲ್ಲಿ ಮೋಸವಿಲ್ಲ. ಸುಟ್ಟ ಮೋಟಾರು ಹೊತ್ತು ತಂದವನಿಗೆ ಮೊದಲು ಒಂದು ಲೋಟ ಟೀ ತರಿಸಿಕೊಟ್ಟು ಆಮೇಲೆ ಬೈಯುತ್ತಾನೆ. ಅವನಿಗಿರುವುದು ಒಂದೇ ರೋಗ, ‘ನನ್ನ ಕೈಲಾಗಲ್ಲ’ ಅನ್ನುವ ಮಾತು ಅವನ ಬಾಯಿಂದ ಹೊರಡುವುದಿಲ್ಲ. ಮೂಟೆ ಎತ್ತುತ್ತೀಯಾ ಅಂದರೆ ಎತ್ತುತ್ತಾನೆ. ಆಮೇಲೆ ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಂಡು ಕವುಚಿ ಮಲಗಿದಾಗಲೂ ‘ಎತ್ತಿದ್ನೋ ಇಲ್ವೋ ಹೇಳ್ರಿ’ ಅನ್ನುತ್ತಾನೆ. ಇಂಥವರು ಊರಿಗೆ ನಾಲ್ಕು ಜನ ಇದ್ದೇ ಇರುತ್ತಾರೆ. ಅವರ ಜಂಬ ಅವರ ಸೊಂಟಕ್ಕೆ ಮಾತ್ರ ಕೇಡು ಅಂದುಕೊಂಡು ನಾವೂ ನಕ್ಕು ಸುಮ್ಮನಾಗುತ್ತೇವೆ. ಸುಮ್ಮನಾಗಬಾರದು ಅನ್ನುವುದು ಹೋದ ವರ್ಷ ಗೊತ್ತಾಯಿತು.

ಅವನ ಹೆಂಡತಿ ಸುಮನಾ ತರೀಕೆರೆ ಕಡೆಯವಳು. ಕಾಲೇಜಿನಲ್ಲಿದ್ದಾಗ ಜಾವೆಲಿನ್ ಎಸೆದು ಕಪ್ಪು ಗೆದ್ದವಳು, ಈಗ ಕಡೂರು ರಸ್ತೆಯ ಒಂದು ಶಾಲೆಯಲ್ಲಿ ಆಟದ ಮೇಡಂ. ಬೆಳಗ್ಗೆ ಅವಳು ಬಸ್ಸು ಹತ್ತಿದರೆ ಇವನು ಅಂಗಡಿ ಬಾಗಿಲು ತೆಗೆಯುತ್ತಾನೆ. ಸಂಜೆ ಅವಳು ಬಂದು ಅತ್ತೆ ತೀರ್ಥಮ್ಮನ ಜೊತೆ ರೊಟ್ಟಿ ತಟ್ಟಿ ಮುಗಿಸುವ ಹೊತ್ತಿಗೆ ಇವನು ಬಾಗಿಲು ಹಾಕಿ ಬರುತ್ತಾನೆ. ಮದುವೆಯಾಗಿ ಆರು ವರ್ಷವಾಗಿದ್ದರೂ ಗಂಡಹೆಂಡತಿ ಸೇರಿ ಒಂದು ಕೆಲಸ ಮಾಡಿದ್ದು ಇಲ್ಲ, ಜಗಳವಾಡುವುದಕ್ಕೂ ಪುರುಸೊತ್ತಿರಲಿಲ್ಲ. ಹಾಗಿದ್ದವರನ್ನು ಒಟ್ಟಿಗೆ ಕೂರಿಸಿದ್ದು ಕಾಡುಹಂದಿ.

ಬುಕ್ಕಾಂಬುಧಿ ಕೆರೆಯ ಹಿಂದೆ ಅವರಿಗೆ ಮೆಕ್ಕೆಜೋಳದ ಹೊಲ ಇದೆ. ಕೆರೆಯಂಗಳದ ಜಾಲಿ ಪೊದೆಯಲ್ಲಿ ಹಗಲೆಲ್ಲ ಮಲಗಿದ್ದ ಹಂದಿಗಳು ತೆನೆ ಹಾಲುಗಟ್ಟುತ್ತಲೇ ಬಂದು ನುಗ್ಗಿದವು. ತಿಂದಿದ್ದಕ್ಕಿಂತ ಉರುಳಿಸಿದ್ದು ಹೆಚ್ಚು. ಪಟಾಕಿ ಹೊಡೆದದ್ದಾಯಿತು, ಹಳೇ ಸೀರೆ ಕಟ್ಟಿದ್ದಾಯಿತು. ಆ ವಾರ ರುದ್ರಮೂರ್ತಿಯ ಮೊಬೈಲಿನಲ್ಲಿ ಅದೆಲ್ಲಿಂದಲೋ ಒಂದು ವಿಡಿಯೋ ಬಂತು. ಪರದೇಶದ ಗಂಡಹೆಂಡತಿ ಒಂದೇ ಬಣ್ಣದ ಅಂಗಿ ತೊಟ್ಟು, ಎರಡು ತುದಿಗೂ ಗಾಲಿ ಇರುವ ಬಿಲ್ಲು ಹಿಡಿದು, ಕಾಡಿನಲ್ಲಿ ಪಿಸುಗುಟ್ಟುತ್ತಾ ಹಂದಿ ಹೊಡೆಯುತ್ತಿದ್ದರು. ಹೊಡೆದ ಮೇಲೆ ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ನಗುತ್ತಿದ್ದರು.

“ನೋಡೇ, ಇಬ್ರೂ ಸೇರಿ ಹೊಡೀತಾರೆ,” ಅಂದ.

“ಆ ಹೆಂಗಸು ನಿಂತಿರೋದು ನೋಡ್ರೀ, ಕಾಲು ಸರಿಯಾಗಿ ಇಟ್ಟಿದಾಳೆ,” ಅಂದಳು ಸುಮನಾ. ಅಲ್ಲಿಂದ ದಿನಾ ಊಟವಾದ ಮೇಲೆ ಇಬ್ಬರೂ ಒಂದೇ ಮೊಬೈಲಿಗೆ ತಲೆ ತಗುಲಿಸಿ ಕೂತರು. ಹೆಂಡತಿ ಅಷ್ಟು ಹತ್ತಿರ ಕೂತು ಅಷ್ಟು ಮಾತಾಡಿದ್ದು ಮದುವೆಯಾದ ಹೊಸದರಲ್ಲೂ ಇಲ್ಲ ಅಂತ ರುದ್ರಮೂರ್ತಿಗೆ ಅನ್ನಿಸಿತು, ಸುಖವೂ ಆಯಿತು.

ಹಂದಿ ಹೊಡೆಯುವುದಕ್ಕೆ ಕಾಯಿದೆ ಅಡ್ಡ ಬರುತ್ತದೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಹೊಡೆಯುವುದು ಬೇಡ, ಹೆದರಿಸಿದರಾಯಿತು ಅಂತ ಒಬ್ಬರಿಗೊಬ್ಬರು ಹೇಳಿಕೊಂಡರು. ಇನ್ನು ಮನೆ ನೋಡಿದರೆ ಲಿಂಗ ಕಟ್ಟಿದ ಮನೆ. ಎದುರು ಮನೆಯಲ್ಲಿ ಮೊಟ್ಟೆ ಬೇಯಿಸಿದರೆ ತೀರ್ಥಮ್ಮ ಕಿಟಕಿ ಮುಚ್ಚುತ್ತಾರೆ. ನಾವೇನು ತಿನ್ನುವುದಕ್ಕೆ ಹೊಡೆಯುತ್ತೇವಾ ಅನ್ನುವುದು ಎರಡನೆಯ ಸಮಾಧಾನ. ಅವ್ವನಿಗೆ ಮಾತ್ರ ‘ಆಟದ ಸಾಮಾನು, ಸುಮಿ ಸ್ಕೂಲಿಗೆ ಬೇಕು’ ಅಂತ ಹೇಳಿದರು.

ಒಂದು ಭಾನುವಾರ ಬೀರೂರಿನಲ್ಲಿ ರೈಲು ಹತ್ತಿ ಶಿವಮೊಗ್ಗಕ್ಕೆ ಹೋದರು. ಅಲ್ಲಿ ಮೋಹನ್ ಅನ್ನುವವರು ಹುಡುಗರಿಗೆ ಬಿಲ್ಲು ಕಲಿಸುತ್ತಾರೆ, ಬೇಕಾದವರಿಗೆ ತರಿಸಿಯೂ ಕೊಡುತ್ತಾರೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಸಾಲಾಗಿ ಬಿಲ್ಲು ತೂಗುಹಾಕಿದ್ದರು. “ಬೋರ್ಡಿಗೆ ಹೊಡೆಯೋಕೆ ತಾನೇ? ಬೇಟೆಗೆ ಅಂದ್ರೆ ನಾನು ಕೊಡಲ್ಲ,” ಅಂದರು ಮೋಹನ್. “ಛೆ ಛೆ, ಬೋರ್ಡಿಗೇ ಸರ್,” ಅಂದ ರುದ್ರಮೂರ್ತಿ. ಸುಮನಾ ಸೀರೆಯ ಸೆರಗು ಸರಿಮಾಡಿಕೊಂಡಳು.

ಈ ಬಿಲ್ಲಿನ ಗುಟ್ಟು ಮೋಹನ್ ತಿಳಿಸಿದರು. ಎಳೆಯುವಾಗ ಮೊದಮೊದಲು ಭಾರ, ಪೂರ್ತಿ ಹಿಂದಕ್ಕೆ ಬಂದರೆ ಗಾಲಿ ತಿರುಗಿ ಭಾರ ಇಳಿಯುತ್ತದೆ, ಆಗ ಆರಾಮಾಗಿ ಗುರಿ ಹಿಡಿಯಬಹುದು. ಆ ಮೊದಲ ಭಾರವನ್ನು ದಾಟುವ ಶಕ್ತಿ ಯಾರಿಗೆ ಎಷ್ಟಿದೆಯೋ ಅಷ್ಟು ಪೌಂಡಿನ ಬಿಲ್ಲು ತೆಗೆದುಕೊಳ್ಳಬೇಕು. ನೋಡುವುದಕ್ಕೆ ಒಂದು ದಾರಿಯಿತ್ತು. ಸ್ಟೂಲಿನ ಮೇಲೆ ಕೂತು, ಕಾಲೆರಡನ್ನೂ ನೆಲದಿಂದ ಎತ್ತಿ, ಬಿಲ್ಲನ್ನು ಮೇಲಕ್ಕೆತ್ತದೆ ನೆಟ್ಟಗೆ ಎಳೆಯಬೇಕು. ಸುಮನಾ ನಲವತ್ತರದ್ದನ್ನು ಕೂತಲ್ಲೇ ಎಳೆದು, ಹಿಡಿದು, ಮೆಲ್ಲಗೆ ಬಿಟ್ಟಳು. “ಮೊದಲೇ ಅಭ್ಯಾಸ ಇತ್ತೇನಮ್ಮಾ?” ಅಂದರು ಮೋಹನ್.

ರುದ್ರಮೂರ್ತಿ ಸ್ಟೂಲಿನ ಮೇಲೆ ಕೂರಲೇ ಇಲ್ಲ. ನಿಂತುಕೊಂಡೇ ಅದೇ ನಲವತ್ತನ್ನು ಎಳೆದ. ಬಂತು, ಆದರೆ ಕತ್ತಿನ ನರ ಉಬ್ಬಿ ಬಂತು.

“ನಿಮಗೂ ಇದೇ ಸರಿಯಾಗುತ್ತೆ ಸರ್. ವರ್ಷ ಕಳೀಲಿ, ಹೆಚ್ಚಿಸಿಕೊಳ್ಳಿ.”

ಹೆಂಡತಿಗೂ ಗಂಡನಿಗೂ ಒಂದೇ ಅಳತೆ! ಶೆಡ್ಡಿನಲ್ಲಿ ಅವರಿಬ್ಬರನ್ನು ಬಿಟ್ಟರೆ ಇದ್ದವರು ಮೋಹನ್ ಒಬ್ಬರೇ, ಆದರೂ ಇಡೀ ಅಜ್ಜಂಪುರ ಬಾಗಿಲಲ್ಲಿ ನಿಂತು ನೋಡುತ್ತಿದೆ ಅನ್ನಿಸಿ ಅವನ ಕಿವಿ ಬಿಸಿಯಾಯಿತು. ಗೋಡೆಯ ಮೇಲಿದ್ದ ದೊಡ್ಡ ಕಪ್ಪು ಬಿಲ್ಲಿಗೆ ಕೈ ತೋರಿಸಿ, “ಅದು ಎಷ್ಟು?” ಅಂದ. ಅರವತ್ತು. ಅದಕ್ಕಿಂತ ಕಡಿಮೆಗೆ ಇಳಿಸಲು ಬರುವುದಿಲ್ಲ, ಪಳಗಿದವರದ್ದು, ಅಂದರು ಮೋಹನ್. ಸುಮನಾ ಹತ್ತಿರ ಬಂದು, “ಒಂದೇ ಥರದ್ದು ತಗೊಳ್ಳಾಣ ಕಣ್ರೀ, ಬಾಣ ಅದೂ ಇದೂ ಬದಲಾಯಿಸ್ಕೊಬೋದು,” ಅಂದಳು. ಬಾಯಲ್ಲಿ ಹೇಳಿದ್ದು ಬಾಣದ ಮಾತು, ಮನಸ್ಸಿನಲ್ಲಿದ್ದದ್ದು ಇಬ್ಬರೂ ಒಟ್ಟಿಗೆ ಕಲಿಯುವ ಆಸೆ. ಅವನಿಗೆ ಅದು ತಿಳಿಯಲಿಲ್ಲ. “ಎಳೀತಾ ಎಳೀತಾ ಬತ್ತದೆ ಬಿಡೇ,” ಅಂದು ಕಪ್ಪು ಬಿಲ್ಲನ್ನೇ ಕಟ್ಟಿಸಿದ.

ಎಳೆಯುತ್ತಾ ಎಳೆಯುತ್ತಾ ಅದು ಬರಲಿಲ್ಲ. ಅಂಗಡಿಯ ಹಿಂದಿನ ಗೋಡೌನಿನಲ್ಲಿ, ಪೈಪಿನ ಕಟ್ಟುಗಳ ನಡುವೆ ಬಾಗಿಲು ಹಾಕಿಕೊಂಡು ಎಳೆದ. ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಆಕಾಶಕ್ಕೆತ್ತಿ ಎಳೆದ, ಮೊಣಕಾಲಿಗೆ ಒತ್ತಿ ಎಳೆದ, ಮೈಯೆಲ್ಲ ನಡುಗಿತೇ ವಿನಾ ಆ ಗಾಲಿ ತಿರುಗಲಿಲ್ಲ. ಭುಜ ಹಿಡಿದುಕೊಂಡು ಊದಿತು. ಹಿಂದಕ್ಕೆ ಕೊಟ್ಟು ಬರೋಣವೆಂದರೆ ಹೆಂಡತಿಗೆ ಏನು ಹೇಳುವುದು? ಹಾಗಾಗಿ ಬಿಲ್ಲನ್ನು ತಂದು ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ತೂಗುಹಾಕಿದ. ಬಂದ ಗಿರಾಕಿಗಳು ಕೇಳುತ್ತಿದ್ದರು, ಇವನು ಹೇಳುತ್ತಿದ್ದ. ಅರವತ್ತು ಪೌಂಡು ಅಂದರೆ ಸಾಮಾನ್ಯವಾ, ಹಂದಿಯ ಈ ಕಡೆಯಿಂದ ಹೊಕ್ಕು ಆ ಕಡೆ ಬರ್ತದೆ, ಅಂತ. ಹಗಲು ಕೊಚ್ಚಿಕೊಂಡದ್ದಕ್ಕೆ ರಾತ್ರಿ ಹಾಸಿಗೆಯಲ್ಲಿ ಅವನಿಗೆ ನಾಚಿಕೆಯಾಗುತ್ತಿತ್ತು. ಬೆಳಗಾದರೆ ಮತ್ತೆ ಕೊಚ್ಚುತ್ತಿದ್ದ. ಆಯುಧಪೂಜೆಯ ದಿನ ತೀರ್ಥಮ್ಮ ಸ್ಪ್ಯಾನರು, ವೈಂಡಿಂಗ್ ಮಿಷನ್ನಿನ ಜೊತೆ ಅದಕ್ಕೂ ಮೂರು ಗೆರೆ ವಿಭೂತಿ ಬಳಿದು ಚೆಂಡುಹೂವು ಸಿಕ್ಕಿಸಿದರು. ಅವತ್ತು ಅವನಿಗೆ ಅವ್ವನ ಮುಖ ನೋಡಲು ಕಷ್ಟವಾಯಿತು.

ಸುಮನಾ ಹಿತ್ತಲಿನಲ್ಲಿ ಗೋಣಿಚೀಲಕ್ಕೆ ಹುಲ್ಲು ತುರುಕಿ, ಅದರ ಮೇಲೆ ಸುಣ್ಣದ ಬೊಟ್ಟಿಟ್ಟು ದಿನಾ ಹೊಡೆಯುತ್ತಿದ್ದಳು. ಯುಗಾದಿಯ ಹೊತ್ತಿಗೆ ಬೊಟ್ಟು ತಪ್ಪುತ್ತಿರಲಿಲ್ಲ. ಮೊದಮೊದಲು, “ರೀ, ಬನ್ರೀ, ಇಬ್ರೂ ಹೊಡಿಯಾಣ,” ಅಂತ ಕರೆಯುತ್ತಿದ್ದಳು. ಇವನಿಗೆ ಅಂಗಡಿ ಬಿಡುವಿಲ್ಲ, ಇವನು ಮಧ್ಯಾಹ್ನವೇ ಗೋಡೌನಿನಲ್ಲಿ ಹೊಡೆದು ಮುಗಿಸಿದ್ದಾನೆ, ಇವನಿಗೆ ತಲೆನೋವು. ಒಮ್ಮೆ ಅವಳು ಅವನ ಬಾಣಗಳನ್ನು ಕೈಗೆತ್ತಿಕೊಂಡು ನೋಡಿದಳು. ಒಂದಕ್ಕೂ ಮಣ್ಣು ತಾಗಿರಲಿಲ್ಲ. ಹಾಗೇ ಇಟ್ಟಳು. ಆಮೇಲೆ ಕರೆಯುವುದನ್ನು ಬಿಟ್ಟಳು, ರಾತ್ರಿ ವಿಡಿಯೋ ನೋಡುವುದೂ ನಿಂತಿತು.

ಮುಂದಿನ ಬೆಳೆಯ ಕಾಲ ಬಂತು. ಒಂದು ಭಾನುವಾರ ಬೆಳಗ್ಗೆ, ಇನ್ನೂ ಕಾಫಿ ಕುಡಿಯುತ್ತಿರುವಾಗಲೇ, ಪಕ್ಕದ ಹೊಲದ ಹಾಲೇಶನ ಫೋನು ಬಂತು. ಬದುವಿನ ಮೇಲೆ ಯಾರೋ ತಂತಿಯ ಉರುಳು ಇಟ್ಟಿದ್ದಾರೆ, ದೊಡ್ಡ ಹಂದಿ ಸಿಕ್ಕಿಬಿದ್ದಿದೆ, ಹಿಂಗಾಲು ಮೂಳೆವರೆಗೂ ಕೊಯ್ದು ಹೋಗಿದೆ, ಸಾಯ್ತಾನೂ ಇಲ್ಲ. ಫಾರೆಸ್ಟಿನವರಿಗೆ ಫೋನು ಮಾಡಿದರೆ ಅವರು ಬೇರೆ ಕಡೆ ಬಾವಿಗೆ ಬಿದ್ದ ಚಿರತೆ ಎತ್ತಲು ಹೋಗಿದ್ದಾರೆ, ಬರುವುದು ಸಂಜೆಯಾಗುತ್ತದಂತೆ. “ಅಣ್ಣಾ, ಕೇಳಕ್ಕಾಗಲ್ಲ ಅದರ ಕೂಗು. ನಿಮ್ಮ ಬಿಲ್ಲು ತಗಂಡ್ ಬನ್ನಿ. ಒಂದೇ ಏಟಿಗೆ ಮುಗಿಸ್ಬಿಡಿ, ಏನಾದ್ರೂ ಕೇಸು ಗೀಸು ಅಂದ್ರೆ ನಾವೆಲ್ಲ ಇದೀವಿ.”

ಆಗಲೇ ಹೇಳಬಹುದಿತ್ತು. ಭುಜ ನೋವು ಅನ್ನಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. “ಬಂದೆ ಇರಪ್ಪಾ,” ಅಂದ ನಮ್ಮ ಪುಣ್ಯಾತ್ಮ. ಸುಮನಾ ಚೂಡಿದಾರ ತೊಟ್ಟು, ತನ್ನ ಬಿಲ್ಲನ್ನೂ ಎತ್ತಿಕೊಂಡು ಕಾರಿನಲ್ಲಿ ಕೂತಳು.

ಹೊಲದ ಸುತ್ತ ಜನ ಸೇರಿದ್ದರು. ಪಾಲು ಸಿಗಬಹುದು ಅಂತ ಕೈಚೀಲ ಮಡಿಸಿ ಕಂಕುಳಲ್ಲಿಟ್ಟುಕೊಂಡು ಬಂದವರೂ ಇದ್ದರು. ಹಂದಿ ಬೇಲಿಯ ಕಲ್ಲುಗಂಬಕ್ಕೆ ಕಟ್ಟಿದ ತಂತಿಯನ್ನು ಎಳೆದು ಎಳೆದು ಸುತ್ತಲಿನ ನೆಲವನ್ನೆಲ್ಲ ಉತ್ತುಹಾಕಿತ್ತು. ಎಳೆದಾಗಲೆಲ್ಲ ಕಿರುಚುತ್ತಿತ್ತು, ನಿಂತಾಗ ಬಾಯಲ್ಲಿ ನೊರೆ ಸುರಿಸುತ್ತಾ ಏದುಸಿರು ಬಿಡುತ್ತಿತ್ತು. ರುದ್ರಮೂರ್ತಿ ಬಿಲ್ಲು ಹಿಡಿದು ಬರುತ್ತಲೇ ಜನ ಎರಡು ಪಾಲಾಗಿ ದಾರಿ ಬಿಟ್ಟರು, ಹತ್ತಾರು ಮೊಬೈಲು ಮೇಲೆದ್ದವು.

ಬಾಣ ಹೂಡಿದ. ಎಳೆದ. ಅರ್ಧಕ್ಕೆ ನಿಂತಿತು. ಗುರಿ ನೋಡುವವನ ಹಾಗೆ ಒಂದು ಕಣ್ಣು ಮುಚ್ಚಿ ಇಳಿಸಿದ. ಎರಡು ಹೆಜ್ಜೆ ಬದಿಗೆ ಸರಿದು, ಗಾಳಿ ನೋಡುವ ಹಾಗೆ ತಲೆಯೆತ್ತಿ, ಮತ್ತೆ ಎಳೆದ. ಮತ್ತೆ ಅಲ್ಲಿಗೇ ನಿಂತಿತು. “ಅಣ್ಣ ಸರಿಯಾದ ಜಾಗ ನೋಡ್ತಿದಾರೆ, ಗಲಾಟೆ ಮಾಡ್ಬೇಡ್ರೋ,” ಅಂತ ಹಾಲೇಶ ಜನರನ್ನು ಸುಮ್ಮನಿರಿಸಿದ.

ಸುಮನಾ ಪಕ್ಕಕ್ಕೆ ಬಂದು ನಿಂತಳು. ಅವಳ ಬಿಲ್ಲಿಗೆ ಬಾಣ ಹೂಡಿತ್ತು. ಯಾರಿಗೂ ಕೇಳದ ಹಾಗೆ, “ರೀ, ನಾನು ಹೊಡೀಲಾ?” ಅಂದಳು. ಅವಳ ಕೈ ಕಲ್ಲಿನಂತೆ ಗಟ್ಟಿಯಾಗಿ ನಿಂತಿತ್ತು. ಹಂದಿ ಎದೆ ಕೊಟ್ಟು ನಿಂತಿತ್ತು, ಅಷ್ಟು ಹತ್ತಿರದಿಂದ ಅವಳದು ತಪ್ಪುವ ಮಾತೇ ಇರಲಿಲ್ಲ.

ಗಂಡನ ಕೈಲಾಗದ್ದನ್ನು ಹೆಂಡತಿ ಮಾಡಿದಳು ಅಂತ ಸಂಜೆಯೊಳಗೆ ತರೀಕೆರೆಯವರೆಗೂ ಸುದ್ದಿಯಾಗುತ್ತದೆ. ಮಾವನ ಮನೆಯವರ ಮೊಬೈಲಿಗೂ ಹೋಗುತ್ತದೆ. ನಾಳೆ ಅಂಗಡಿಗೆ ಬಂದ ಪ್ರತಿಯೊಬ್ಬನೂ ಗೋಡೆ ನೋಡಿ ನಗುತ್ತಾನೆ. ರುದ್ರಮೂರ್ತಿ ಬಿಲ್ಲು ಕೆಳಗಿಟ್ಟ. ಅಂಗಿಯೊಳಗೆ ಕೈಹಾಕಿ ಕೊರಳ ಲಿಂಗವನ್ನು ಹಿಡಿದುಕೊಂಡು ಎಲ್ಲರಿಗೂ ಕೇಳುವ ಹಾಗೆ ಅಂದ:

“ಬ್ಯಾಡ ಕಣ್ರಪ್ಪಾ. ಕೊರಳಲ್ಲಿ ಇದನ್ನ ಕಟ್ಕಂಡು ಕೈಯಾರೆ ಒಂದು ಜೀವ ತೆಗೆಯಕ್ಕೆ ನನ್ನ ಮನಸ್ಸು ಒಪ್ತಿಲ್ಲ. ನಮ್ಮನೇಲಿ ಯಾರೂ ಇದಕ್ಕೆ ಕೈ ಹಾಕಂಗಿಲ್ಲ.”

ಊರಿನ ಹಿರಿಯ ರಂಗಪ್ಪ, “ದೊಡ್ಡ ಮಾತು ಆಡ್ಬಿಟ್ಟೆ ಕಣಪ್ಪಾ,” ಅಂದು ಕೈಮುಗಿದ. ಚೀಲ ತಂದವರು ಕಂಕುಳ ಚೀಲದ ಸಮೇತ ಜಾರಿದರು. ಸುಮನಾ ಗಂಡನ ಮುಖವನ್ನು ಒಂದು ಸಲ ನೋಡಿದಳು. ಆಮೇಲೆ ಬಾಣ ಬಿಚ್ಚಿದಳು.

“ಗಿರಾಕಿ ಕಾಯ್ತಿರ್ತಾರೆ,” ಅಂದು ರುದ್ರಮೂರ್ತಿ ಕಾರು ಹತ್ತಿದ. ಭಾನುವಾರ ಅವನ ಅಂಗಡಿ ಬಾಗಿಲು ತೆಗೆಯುವುದಿಲ್ಲ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಸುಮನಾ ಬರಲಿಲ್ಲ. ಬದುವಿನ ಮೇಲೆ ವೇಲು ತಲೆಗೆ ಹೊದ್ದು ಕೂತಳು. ಬಿಸಿಲೇರಿತು. ಹಾಲೇಶ ದೂರದಿಂದ ಕೊಡದಲ್ಲಿ ನೀರು ಎರಚಿದ, ಅದಕ್ಕೂ ಹಂದಿ ಬೆಚ್ಚಿ ಎಳೆದುಕೊಂಡಿತು. ಮಧ್ಯಾಹ್ನದ ಮೇಲೆ ತನ್ನ ಕಾಲನ್ನು ತಾನೇ ಕಚ್ಚತೊಡಗಿತು. ಹೊತ್ತು ಇಳಿಯುವ ಮುಂಚೆ ಅದರ ಕೂಗು ನಿಂತಿತು, ಉಸಿರು ನಿಂತಿರಲಿಲ್ಲ. ಫಾರೆಸ್ಟಿನವರು ಬರುವ ಹೊತ್ತಿಗೆ ಅದೂ ನಿಂತಿತ್ತು. ಸುಮನಾ ಹಾಲೇಶನ ಬೈಕಿನಲ್ಲಿ ಮನೆಗೆ ಬಂದು, ತಲೆಗೆ ನೀರು ಹಾಕಿಕೊಂಡು, ಊಟ ಮಾಡದೆ ಮಲಗಿದಳು. ಹೊಲದಲ್ಲಿ ನಡೆದದ್ದು ರುದ್ರಮೂರ್ತಿಗೆ ಗೊತ್ತಾದದ್ದು ಮಾರನೆಯ ದಿನ, ಹಾಲೇಶನ ಬಾಯಿಂದ.

ಆ ವಿಡಿಯೋ ಊರೂರು ಸುತ್ತಿತು. ಲಿಂಗ ಹಿಡಿದು ನಿಂತ ರುದ್ರಮೂರ್ತಿಯನ್ನು ಕಡೂರಿನಲ್ಲೂ ನೋಡಿದರು, ಬೀರೂರಿನಲ್ಲೂ ನೋಡಿದರು. ಕಂಡವರು ನಿಂತು ಕೈಮುಗಿದರು. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದನೇನೋ, ಕೈಮುಗಿಯುವವರನ್ನು ಕಂಡರೆ ಅವನಿಗೆ ಅಂಗಡಿಯ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವ ಹಾಗಾಗುತ್ತಿತ್ತು. ಬಿಲ್ಲನ್ನು ಗೋಡೆಯಿಂದ ಇಳಿಸಿ ಅಟ್ಟಕ್ಕೆ ಹಾಕಿದ. ‘ಬಿಲ್ಲನ್ನೇ ತ್ಯಾಗ ಮಾಡಿದಾನೆ’ ಅಂತ ಅದಕ್ಕೂ ಹೊಗಳಿದರು. ಮಠದ ಸಮಿತಿಯಲ್ಲಿದ್ದ ಸೋದರಮಾವ ಕಲ್ಲೇಶಪ್ಪ ಖುದ್ದಾಗಿ ಮನೆಗೆ ಬಂದರು. “ಸ್ವಾಮಿಗಳು, ನಮ್ಮ ಬುದ್ಧಿಯವರು, ವಿಡಿಯೋ ನೋಡಿದಾರೆ ಕಣೋ. ಹುಣ್ಣಿಮೆ ಕಾರ್ಯಕ್ರಮದಲ್ಲಿ ನಿನಗೆ ಶಾಲು ಹೊದೆಸ್ತಾರೆ.” ತೀರ್ಥಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಬೇಡ ಮಾವ ಅಂದರೆ, ಅದೂ ದೊಡ್ಡತನವಾಯಿತು.

ಹುಣ್ಣಿಮೆಯ ದಿನ ಮಠದ ಅಂಗಳ ತುಂಬಿತ್ತು. ಬುದ್ಧಿಯವರು ಮಾತಾಡಿದರು. ಕೈಲಾಗದವನು ಸುಮ್ಮನಿದ್ದರೆ ಅದು ದಯೆಯಲ್ಲ, ಕೊಲ್ಲುವ ಶಕ್ತಿ ಕೈಯಲ್ಲಿದ್ದೂ, ಬಾಣ ಹೂಡಿದ್ದೂ, ಇಳಿಸಿದನಲ್ಲ, ಅದು ದಯೆ, ಅಂದರು. ವೇದಿಕೆಯ ಮೇಲೆ ಕೂತಿದ್ದ ರುದ್ರಮೂರ್ತಿಗೆ ಒಂದೊಂದು ಮಾತೂ ಕೆನ್ನೆಗೆ ಹೊಡೆದಂತಾಯಿತು. ಹೆಂಗಸರ ಸಾಲಿನಲ್ಲಿ ಅವ್ವನ ಪಕ್ಕ ಸುಮನಾ ಕೂತಿದ್ದಳು. ಎಲ್ಲರೂ ಇವನನ್ನು ನೋಡುತ್ತಿದ್ದರೆ ಅವಳು ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು.

ಎರಡು ಮಾತಾಡಪ್ಪಾ ಅಂತ ಮೈಕು ಕೊಟ್ಟರು. ಅವನು ಎದ್ದು ನಿಂತ. ಹೇಳಿಬಿಟ್ಟ.

“ಬುದ್ಧೀ, ನನ್ನ ಕೈಲಿ ಎಳೆಯಕ್ಕಾಗಲಿಲ್ಲ. ಆ ಬಿಲ್ಲು ನನ್ನ ಕೈಲಾಗಲ್ಲ. ಅದಕ್ಕೇ ಇಳಿಸಿದ್ದು.”

ಬುದ್ಧಿಯವರು ನಕ್ಕರು. “ನೋಡಿದಿರಾ? ಹೊಗಳಿಕೆ ಮೈಗೆ ಹತ್ತಬಾರದು ಅಂತ ತನ್ನನ್ನೇ ಹಗುರ ಮಾಡಿಕೊಳ್ತಾನೆ.” ಅಂಗಳಕ್ಕೆ ಅಂಗಳವೇ ಚಪ್ಪಾಳೆ ತಟ್ಟಿತು. “ಇಲ್ಲ ಬುದ್ಧೀ, ನಿಜವಾಗ್ಲೂ...” ಅನ್ನುತ್ತಿದ್ದ ಹಾಗೇ ಕಲ್ಲೇಶಪ್ಪ ಬೆನ್ನು ತಟ್ಟಿ ಮೈಕು ಇಸಿದುಕೊಂಡರು, ಶಾಲು ಹೆಗಲಿಗೆ ಬಂತು. ಜೀವಮಾನದಲ್ಲಿ ಮೊದಲ ಸಲ ಕೈಲಾಗಲ್ಲ ಅಂದಿದ್ದಾನೆ, ನಂಬುವವರಿಲ್ಲ! ಊಟದ ಪಂಕ್ತಿಯಲ್ಲಿ ಯಾರೋ ಮುದುಕಿ ಅವನ ಕೆನ್ನೆ ಸವರಿ ನೆಟಿಗೆ ಮುರಿದಳು. ಅವನು ಪಾಯಸ ಮುಟ್ಟದೆ ಎಲೆ ಮಡಿಸಿ ಎದ್ದ.

ತೀರ್ಥಮ್ಮ ತಮ್ಮ ಕಲ್ಲೇಶಪ್ಪನ ಮನೆಯಲ್ಲಿ ಉಳಿದರು. ವಾಪಸು ಬರುವಾಗ ಕಾರಿನಲ್ಲಿ ಇಬ್ಬರೇ. ರುದ್ರಮೂರ್ತಿ ತಡೆಯಲಾರದೆ ಅಂದ: “ಇದ್ದದ್ದು ಹೇಳ್ದೆ ಕಣೇ ಸುಮೀ. ಯಾರೂ ನಂಬಲಿಲ್ಲ.”

“ನಂಗೆ ಗೊತ್ತಿತ್ತಲ್ಲ,” ಅಂದಳು ಸುಮನಾ. “ಶಿವಮೊಗ್ಗದಲ್ಲೇ ಗೊತ್ತಿತ್ತು. ನಂಗೇನು ಅದರಿಂದ ಬೇಜಾರಾಗಿತ್ತೇನ್ರೀ? ಕೈಲಾಗದೆ ಇದ್ರೆ ಇಲ್ಲ.”

ಅವನು ಗೇರು ಇಳಿಸಿ ಕಾರನ್ನು ನಿಧಾನ ಮಾಡಿದ.

“ಇವತ್ತು ಹೇಳಿದ್ದನ್ನ ಅವತ್ತು ನನ್ನ ಕಿವೀಲಿ ಹೇಳಿದ್ರೆ ಆಗ್ತಿತ್ತು. ಬೆಳಗ್ಗೆನೇ ಮುಗಿಯೋದು. ನೀವು ಹೋದ ಮೇಲೂ ಬಿಲ್ಲು ನನ್ನ ತೊಡೆ ಮೇಲೇ ಇತ್ತು. ಎಷ್ಟು ಸಲ ಎದ್ದು ನಿಂತೆ. ನಿಂತಾಗಲೆಲ್ಲ ಆ ಹಂದಿ ತಲೆ ಎತ್ತಿ ನನ್ನೇ ನೋಡೋದು. ಅಷ್ಟು ಜನದ ಮುಂದೆ ಮನೆ ಹೆಸರು ಹೇಳಿ ಹೋಗಿದೀರಲ್ಲ, ನಾನು ಹೊಡೆದ್ರೆ ನಿಮ್ಮ ಮಾತು ಏನಾಗ್ತದೆ ಅಂತ ಮತ್ತೆ ಕೂತ್ಕೋತಿದ್ದೆ.” ಅವಳು ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. “ಸಂಜೆವರೆಗೂ ನಿಮ್ಮ ಮರ್ಯಾದೆ ಕಾಯ್ಕೊಂಡು ಕೂತಿದ್ದೆ ಕಣ್ರೀ. ನಂಗೆ ನಿಮ್ಮ ಮೇಲಲ್ಲ, ನನ್ನ ಮೇಲೇ ಹೇಸಿಗೆ ಆಗ್ತಿದೆ.”